ಮೈಗ್ರೇನ್, ಹೊಟ್ಟೆ ತೊಂದ್ರೆಗೆ ಡಿಸೆಬಿಲಿಟಿ ಪೆನ್ಷನ್: ಬೋರ್ಡ್‌ನವ್ರು 30% ಅಂತ ಬರೆದು "ಸರ್ವಿಸ್‌ಗೆ ಸಂಬಂಧ ಇಲ್ಲ" ಅಂದ್ರೆ ಮುಂದೇನು?

ಫೌಜಿ_ಮನೆಯವ್ಳು_ಅರಕಲಗೂಡು

ಎಲ್ರಿಗೂ ನಮಸ್ಕಾರ. ನಮ್ಮನೆಯವ್ರು ಆರ್ಮಿಲಿ ನಾಯಕ್ ಆಗಿದ್ದು 2021ರಲ್ಲಿ ರಿಟೈರ್ ಆಗಿ ಬಂದ್ರು, 22 ವರ್ಷ ಸರ್ವಿಸ್. ಸೇರುವಾಗ ಏನೂ ತೊಂದ್ರೆ ಇರ್ಲಿಲ್ಲ, ಲಡಾಖ್ ಪೋಸ್ಟಿಂಗ್ ಆದ್ಮೇಲೆ ತಲೆನೋವು ಶುರುವಾಗಿದ್ದು ಇವತ್ತಿಗೂ ನಿಂತಿಲ್ಲ, ಬಂತು ಅಂದ್ರೆ ಎರಡು ದಿನ ಕಿಟಕಿ ಮುಚ್ಚಿ ಮಲಗ್ಬೇಕು, ಮಿಕ್ಸಿ ಸದ್ದೂ ಆಗಲ್ಲ, ಒಗ್ಗರಣೆ ವಾಸನೆಗೇ ವಾಂತಿ ಬರತ್ತೆ. ಅದ್ರ ಜೊತೆ ಹೊಟ್ಟೆದು ಬೇರೆ, ಗ್ಯಾಸ್ಟ್ರೈಟಿಸ್ ಅಂತ ಎಂಡೋಸ್ಕೋಪಿಲಿ ಬಂದಿದೆ, ಊಟ ಆದ ತಕ್ಷಣ ಓಡ್ಬೇಕು, ಬಸ್ಸಲ್ಲಿ ದೂರ ಹೋಗೋಕೇ ಹೆದರ್ತಾರೆ. ಒಂದು ಸೆಕ್ಯುರಿಟಿ ಕೆಲ್ಸ ಸಿಕ್ಕಿತ್ತು, ಪದೇ ಪದೇ ರಜ ಹಾಕಿದ್ರು ಅಂತ ಬಿಡಿಸಿದ್ರು.

ರಿಟೈರ್ ಆಗೋವಾಗ ಮೆಡಿಕಲ್ ಬೋರ್ಡ್ ಆಯ್ತು. ಮೈಗ್ರೇನ್ 20%, ಹೊಟ್ಟೆದು ಬೇರೆ, ಎರಡೂ ಸೇರಿ 30% ಅಂತ ಬರೆದಿದ್ದಾರೆ, ಕೆಳಗಡೆ ಮಾತ್ರ ನಾನಾ (ಸರ್ವಿಸ್‌ನಿಂದ ಬಂದಿದ್ದೂ ಅಲ್ಲ, ಜಾಸ್ತಿ ಆಗಿದ್ದೂ ಅಲ್ಲ) ಅಂತ ಹಾಕಿದ್ದಾರಂತೆ, ಅದ್ರಿಂದ ಡಿಸೆಬಿಲಿಟಿದು ಒಂದು ರೂಪಾಯೀನೂ ಬರ್ತಿಲ್ಲ, ಬರೀ ಸರ್ವಿಸ್ ಪೆನ್ಷನ್ ಅಷ್ಟೇ. ಆವಾಗ ಅಪೀಲ್ ಹಾಕ್ಲಿಲ್ಲ, ತಲೆನೋವಿಗೆಲ್ಲ ಯಾರು ಕೊಡ್ತಾರೆ ಅಂತ ಜೊತೆಯವ್ರೇ ಹೇಳಿದ್ರಂತೆ. ಈಗ ಏನಾದ್ರೂ ಮಾಡೋಕೆ ಆಗತ್ತಾ? ಗೊತ್ತಿರೋರು ದಯವಿಟ್ಟು ಹೇಳಿ.

ಮರಾಠಾ_ಪಲ್ಟನ್_ಬೆಳಗಾವಿ

ಅಕ್ಕಾರ, ನಮಸ್ಕಾರ. ಮೊದಲ ಒಂದ್ ಮಾತ ಹೇಳತೇನಿ, 30% ಬರದಾರಂದ್ರ ನಿಮ್ಮ ಮನಿಯವರಿಗೆ ಬ್ಯಾನಿ ಐತಿ ಅಂತ ಬೋರ್ಡ್‌ನವರ ಒಪ್ಪಿಕೊಂಡಾರ. ಹಂಗಂದ್ರ ನಿಮ್ಮ ಜಗಳ ಪರ್ಸೆಂಟಿಂದ ಅಲ್ಲ. ಬಾಳ ಮಂದಿ ಇಲ್ಲೇ ದಾರಿ ತಪ್ಪತಾರ, ಪರ್ಸೆಂಟ್ ಹೆಚ್ಚ ಮಾಡಸ್ಬೇಕು ಅಂತ ಆಸ್ಪತ್ರಿ ಆಸ್ಪತ್ರಿ ತಿರಗಿ ಸ್ಕ್ಯಾನ್ ಮಾಡಸ್ತಾರ, ಸ್ಕ್ಯಾನಿನ್ಯಾಗ ಮೈಗ್ರೇನ್ ಕಾಣೂದಿಲ್ರಿ.

ಡಿಸೆಬಿಲಿಟಿ ಪೆನ್ಷನ್ ಸಿಗಬೇಕಂದ್ರ ಕನಿಷ್ಠ 20% ಇರಬೇಕು, ಅದು ಒಂದು. ಆ ಬ್ಯಾನಿ ಸರ್ವಿಸಿನಿಂದ ಬಂದಿರಬೇಕು, ಇಲ್ಲಾ ಸರ್ವಿಸಿನಿಂದ ಜಾಸ್ತಿ ಆಗಿರಬೇಕು, ಇದು ಎರಡನೇದು. ಎಟ್ರಿಬ್ಯೂಟೆಬಲ್, ಅಗ್ರವೇಟೆಡ್ ಅಂತಾರಲ್ಲ ಅದ. ಎರಡೂ ಅಲ್ಲ ಅಂದ್ರ ನಾನಾ. 20% ದಾಟೇರಿ, ಎರಡನೇದರಾಗ ನಿಂತೇರಿ. ನಮ್ಮ ಪಲ್ಟನ್‌ನಾಗ ಹೊಟ್ಟಿ, ತಲಿ, ಬಿಪಿ, ಶುಗರ್ ಇದ್ದ ಎಷ್ಟೋ ಜವಾನರಿಗೆ ಹಿಂಗ ಬರದು ಮನಿಗೆ ಕಳಿಸ್ಯಾರ. ಗುಂಡ ಬಿದ್ದರ ಎಲ್ಲಾರಿಗೂ ಕಾಣತೈತಿ, ಇದು ಕಾಣೂದಿಲ್ಲ.

ನಿಮ್ಮ ಕಡೆ ಬೋರ್ಡ್ ಪೇಪರ್ ಐತೇನ್ರಿ? ಎಎಫ್‌ಎಂಎಸ್‌ಎಫ್-16 ಅಂತ ಫಾರ್ಮ್ ಇರತೈತಿ. ಅದರಾಗ ಕಾರಣ ಏನ್ ಬರದಾರ ಅನ್ನೂದು ಬೇಕು. ಅದನ್ನ ನೋಡದ ಯಾರ ಏನ್ ಹೇಳಿದ್ರೂ ನಂಬಬ್ಯಾಡ್ರಿ.

ನೇರಮಾತು_ಮಂಡ್ಯ

ಬೇಜಾರ್ ಮಾಡ್ಕೊಬೇಡಿ ತಾಯಿ, ನಾನೂ ಫೌಜಿನೇ. ನನ್ನ ಜೊತೆಗಾರ ಮೈನ್ ಮೇಲೆ ಕಾಲಿಟ್ಟು ಮಂಡಿ ಕೆಳಗೆ ಇಡೀ ಕಾಲು ಕಳ್ಕಂಡವ್ನೆ. ಅವ್ನಿಗೂ ಡಿಸೆಬಿಲಿಟಿ ಪೆನ್ಷನ್, ತಲೆನೋವಿಗೂ ಡಿಸೆಬಿಲಿಟಿ ಪೆನ್ಷನ್ ಅಂದ್ರೆ ನಂಗೆ ಒಪ್ಗೊಳಕ್ಕೆ ಕಷ್ಟ ಆಯ್ತದೆ. ತಲೆನೋವು ಯಾರಿಗ್ ಬರಲ್ಲ, ನಮ್ಮೂರಲ್ಲಿ ಒಂದ್ ದಿನಾನೂ ಯೂನಿಫಾರಂ ಹಾಕ್ದೇ ಇರೋ ಹೆಂಗಸ್ರಿಗೂ ಮೈಗ್ರೇನ್ ಅದೆ. ಹೊಟ್ಟೆ ಉರಿ ಅರ್ಧ ಊರಿಗದೆ. ಇದೆಲ್ಲ ಸರ್ವಿಸ್‌ನಿಂದ್ಲೇ ಬಂತು ಅಂತ ಹೆಂಗೆ ಹೇಳೋದು? ಸುಳ್ಳು ಹೇಳಿ ತಗೊಳೋರೂ ಅವ್ರೆ, ನಾನೇ ನೋಡಿವ್ನಿ, ರಿಟೈರ್ ಆಗೋಕೆ ಒಂದ್ ವರ್ಷ ಇದ್ದಂಗೆ ಇದ್ದಕ್ಕಿದ್ದಂಗೆ ಕಾಯಿಲೆ ಶುರುವಾಗೋರು. ಅವ್ರಿಂದ ನಿಜವಾಗ್ಲೂ ಪೆಟ್ಟು ತಿಂದೋರ ಹೆಸ್ರು ಕೆಡ್ತದೆ.

ಡಾಕ್ಟ್ರು_ಪುತ್ತೂರು

ನಾನು ಸಿವಿಲ್ ಡಾಕ್ಟರ್, ಮಿಲಿಟರಿ ಅಲ್ಲ, ಆದ್ರೆ ನನ್ನ ಅಪ್ಪ ಸೈನ್ಯದಲ್ಲಿದ್ದವರು, ಇಲ್ಲಿ ಮಾಜಿ ಸೈನಿಕರನ್ನು ತುಂಬಾ ನೋಡ್ತೇನೆ. ಮಂಡ್ಯದವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ಮೈಗ್ರೇನ್ ಅಂದ್ರೆ ಸಾದಾ ತಲೆನೋವಲ್ಲ. ಮದ್ದು ತಗೊಳ್ಳದಿದ್ರೆ ಒಂದು ಅಟ್ಯಾಕ್ 4 ಗಂಟೆಯಿಂದ 72 ಗಂಟೆವರೆಗೆ ಇರ್ತದೆ, ಬೆಳಕು, ಶಬ್ದ, ವಾಸನೆ ಯಾವುದೂ ಆಗುವುದಿಲ್ಲ, ವಾಂತಿ ಬರ್ತದೆ. ಒಗ್ಗರಣೆ ವಾಸನೆ ಅಂತ ಅಕ್ಕ ಬರೆದದ್ದು ಅದೇ. ಹುಟ್ಟಿನಿಂದ ಬರುವ ಪ್ರವೃತ್ತಿ ಕೆಲವರಿಗೆ ಉಂಟು, ಅದು ನಿಜ. ಆದ್ರೆ ಪ್ರವೃತ್ತಿ ಇರುವುದು ಬೇರೆ, ಕೆಲಸ ಮಾಡ್ಲಿಕ್ಕೆ ಆಗದ ಹಾಗೆ ತಿಂಗಳು ತಿಂಗಳು ಬರುವುದು ಬೇರೆ. ನಿದ್ದೆ ಕೆಡುವುದು, ಊಟದ ಹೊತ್ತು ತಪ್ಪುವುದು, ನೀರು ಕಮ್ಮಿ ಕುಡಿಯುವುದು, ವಿಪರೀತ ಚಳಿ, ಟೆನ್ಶನ್ ಇವೆಲ್ಲ ಅಟ್ಯಾಕನ್ನು ಎಬ್ಬಿಸ್ತವೆ ಅಂತ ಯಾವ ಡಾಕ್ಟರನ್ನು ಕೇಳಿದ್ರೂ ಹೇಳ್ತಾರೆ. ರಾತ್ರಿ ಸಂತ್ರಿ ಡ್ಯೂಟಿ ಮಾಡುವವನಿಗೆ ಇವುಗಳಲ್ಲಿ ಯಾವುದು ಇರುವುದಿಲ್ಲ ಹೇಳಿ? ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿ ಉಂಟು, ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಪುತ್ತೂರಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಎತ್ತರಕ್ಕೆ ಹೋದವರಿಗೆ ಮೊದಲು ಕಾಣುವ ಲಕ್ಷಣವೇ ತಲೆನೋವು. ಪೋಸ್ಟುಗಳು ಅದಕ್ಕಿಂತ ಎಷ್ಟೋ ಮೇಲೆ.

ಇನ್ನು ಹೊಟ್ಟೆ. ತಲೆನೋವಿಗೂ ಹೊಟ್ಟೆಗೂ ಏನು ಸಂಬಂಧ ಅಂತ ಬೋರ್ಡ್‌ನಲ್ಲಿ ಬೇರೆ ಬೇರೆ ಕಾಲಂ ಮಾಡಿ ಬರೀತಾರೆ, ರೋಗಿಗೆ ಎರಡೂ ಒಂದೇ ದೇಹದಲ್ಲಿ ಅಲ್ವಾ. ತಲೆನೋವು ಅಂತ ಹೋದವನಿಗೆ ಬ್ರುಫೆನ್, ಡೈಕ್ಲೊಫೆನಾಕ್ ಕೊಡ್ತಾರೆ, ಅವನು ಡ್ಯೂಟಿ ತಪ್ಪಬಾರದು ಅಂತ ಖಾಲಿ ಹೊಟ್ಟೆಗೆ ಬರೀ ಚಹಾದ ಜೊತೆ ನುಂಗ್ತಾನೆ, ವರ್ಷಗಟ್ಟಲೆ. ಈ ಜಾತಿಯ ಮಾತ್ರೆಗಳು ಜಠರದ ಒಳಪದರವನ್ನು ಕಾಯುವ ಲೋಳೆಯನ್ನು ಕಮ್ಮಿ ಮಾಡ್ತವೆ, ಗ್ಯಾಸ್ಟ್ರೈಟಿಸ್, ಅಲ್ಸರ್ ಎರಡೂ ಬರಬಹುದು. ಅಷ್ಟು ಮಾತ್ರ ಅಲ್ಲ, ಸಾದಾ ಪೇನ್‌ಕಿಲ್ಲರ್ ತಿಂಗಳಿಗೆ 15 ದಿನಕ್ಕಿಂತ ಹೆಚ್ಚು, ಹೀಗೆ 3 ತಿಂಗಳ ಮೇಲೆ ತಗೊಂಡ್ರೆ ಮಾತ್ರೆಯಿಂದಲೇ ತಲೆನೋವು ಹೆಚ್ಚಾಗ್ತದೆ. ಮೈಗ್ರೇನ್ ಬಂದಾಗ ಜಠರ ನಿಧಾನ ಆಗ್ತದೆ, ಮಾತ್ರೆ ಸರಿಯಾಗಿ ಒಳಗೆ ಇಳಿಯುವುದಿಲ್ಲ, ಮತ್ತೊಂದು ನುಂಗ್ತಾನೆ. ಮತ್ತೆ ಊಟ ಆದ ಕೂಡ್ಲೆ ಓಡುವುದು ಗ್ಯಾಸ್ಟ್ರೈಟಿಸ್‌ನಿಂದ ಆಗುವುದು ಕಮ್ಮಿ, ಅದು ಐಬಿಎಸ್, ಅಂದ್ರೆ ಕರುಳಿನ ಚಲನೆ ಏರುಪೇರಾಗುವ ತೊಂದರೆ, ಇರಬಹುದು, ಒಬ್ಬ ಗ್ಯಾಸ್ಟ್ರೋ ಡಾಕ್ಟರಿಗೆ ತೋರಿಸಿ. ದೊಡ್ಡ ಬೇಧಿ, ಫುಡ್ ಪಾಯ್ಸನ್ ಆದ ನಂತರ ಕೆಲವರಿಗೆ ಐಬಿಎಸ್ ಉಳಿದುಬಿಡ್ತದೆ. ಅದಕ್ಕೆ ಎಂಡೋಸ್ಕೋಪಿ, ಸ್ಕ್ಯಾನ್ ಎಲ್ಲ ನಾರ್ಮಲ್ ಬರ್ತದೆ, ಹಾಗಂತ ರೋಗ ಸುಳ್ಳಲ್ಲ.

ಕಾಲು ಹೋದವನ ನೋವನ್ನು ಇದರ ಜೊತೆ ತೂಗುವುದು ಬೇಡ ಅಣ್ಣ. ಅವನಿಗೆ ಸಿಗುವುದರಲ್ಲಿ ಇವರಿಗೆ ಪಾಲು ಕೊಡುವುದಲ್ಲ, ಪರ್ಸೆಂಟ್ ಅಂತ ಇಟ್ಟಿರುವುದೇ ಅದಕ್ಕೆ.

ನೇರಮಾತು_ಮಂಡ್ಯ

ಡಾಕ್ಟ್ರೇ, ಚಾ ಜೊತೆ ಮಾತ್ರೆ ನುಂಗೋದು ನಿಜ, ನಾವೂ ನುಂಗಿವಿ, ಎಂಐ ರೂಮ್‌ಗೆ (ಯೂನಿಟ್ ದವಾಖಾನೆ) ಹೋದ್ರೆ ಉಸ್ತಾದ್ ಕಾಮ್‌ಚೋರ್ ಅನ್ನೋರು ಅಂತ ಹೋಯ್ತಿರ್ಲಿಲ್ಲ. ಆದ್ರೆ ನನ್ನ ಪ್ರಶ್ನೆ ಹಂಗೇ ಅದೆ. ಸುಳ್ಳು ಹೇಳೋನ್ನೂ ನಿಜ ಹೇಳೋನ್ನೂ ಯಾವುದ್ರಲ್ಲಿ ಬೇರೆ ಮಾಡ್ತೀರ?

ಹೆಡ್‌ಕ್ಲರ್ಕ್_ನಿವೃತ್ತ

ಮಂಡ್ಯದ ಸಾಬ್, ಕಾಗದದಲ್ಲಿ. ಬೇರೆ ದಾರಿ ಇಲ್ಲ. ನಾನು ಇಡೀ ಸರ್ವಿಸ್ ಕ್ಲರ್ಕ್ ಆಗಿದ್ದೋನು, ಬೋರ್ಡ್ ಪೇಪರ್‌ಗಳು ನನ್ನ ಕೈಮೇಲೆ ಹೋಗಿವೆ. ರಿಟೈರ್ ಆಗೋ ವರ್ಷ ದಿಢೀರಂತ ಬಂದ ಕಾಯಿಲೆಗೂ, 2014ರಿಂದ ಸಿಕ್ ರಿಪೋರ್ಟ್, ಆಸ್ಪತ್ರೆ ಅಡ್ಮಿಷನ್, ಟೆಂಪರರಿ ಲೋ ಮೆಡಿಕಲ್ ಕ್ಯಾಟಗರಿ, ಆಮೇಲೆ ಪರ್ಮನೆಂಟ್ ಪಿ-2 (ಕಾಯಂ ಲೋ ಕ್ಯಾಟಗರಿ) ಅಂತ ಹೆಜ್ಜೆ ಹೆಜ್ಜೆಗೂ ಸೀಲ್ ಬಿದ್ದಿರೋ ಕಾಯಿಲೆಗೂ ವ್ಯತ್ಯಾಸ ಫೈಲ್ ತೆಗೆದ್ರೆ ಕಾಣುತ್ತೆ.

ತಾಯಿ, ನೀವು ಎಎಫ್‌ಎಂಎಸ್‌ಎಫ್-16 ತೆಗೆದು ನೋಡಿ. ಅದ್ರಲ್ಲಿ ಬೋರ್ಡ್‌ಗೆ ಕೆಲವು ಪ್ರಶ್ನೆ ಇರ್ತವೆ: ಈ ಕಾಯಿಲೆ ಸೈನ್ಯಕ್ಕೆ ಸೇರೋ ಮುಂಚೆ ಇತ್ತಾ? ಇದ್ದಿದ್ರೆ ಭರ್ತಿ ಟೈಮಿನ ಪರೀಕ್ಷೇಲಿ ಗೊತ್ತಾಗದೇ ಹೋಗೋ ಸಾಧ್ಯತೆ ಇತ್ತಾ? ಆ ವ್ಯಕ್ತಿಯ ಸ್ವಂತ ನಿರ್ಲಕ್ಷ್ಯ, ದುರ್ನಡತೆಯಿಂದ ಬಂತಾ? ಇವಕ್ಕೆಲ್ಲ ಏನು ಉತ್ತರ ಬರೆದಿದ್ದಾರೆ, ಕೊನೆಗೆ ಸಂಬಂಧ ಇಲ್ಲ ಅನ್ನೋಕೆ ಏನು ಕಾರಣ ಕೊಟ್ಟಿದ್ದಾರೆ, ಪದಕ್ಕೆ ಪದ ಇಲ್ಲಿ ಹಾಕಿ. ಹೆಸರು, ನಂಬರ್, ಯೂನಿಟ್ ಹಾಕ್ಬೇಡಿ.

ಫೌಜಿ_ಮನೆಯವ್ಳು_ಅರಕಲಗೂಡು

ಟ್ರಂಕಲ್ಲಿ ಸಿಕ್ತು ಸರ್, ಮಡಚಿ ಮಡಚಿ ಗೆರೆ ಹತ್ರ ಹರಿದಿದೆ ಆದ್ರೂ ಓದ್ಬಹುದು. ಮುಂಚೆ ಇತ್ತಾ ಅನ್ನೋ ಕಡೆ "ಇಲ್ಲ". ನಿರ್ಲಕ್ಷ್ಯ ಅನ್ನೋ ಕಡೆ "ಇಲ್ಲ". ಶುರುವಾದ ಜಾಗ ಅಂತ ಪೀಸ್ ಸ್ಟೇಷನ್ (ಗಡಿ ಡ್ಯೂಟಿ ಇಲ್ಲದ ಜಾಗ) ಹೆಸರು ಇದೆ, 2014 ನವೆಂಬರ್. ಅವ್ರು ಲಡಾಖ್‌ನಿಂದ ಇಳಿದಿದ್ದೇ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಮೇಲಿದ್ದಾಗ್ಲೇ ತಲೆನೋವು ಬರ್ತಿತ್ತು, ಅಡ್ಮಿಟ್ ಆಗಿದ್ದು ಮಾತ್ರ ಕೆಳಗೆ ಬಂದ್ಮೇಲೆ. ಕಾರಣ ಅಂತ ಒಂದೇ ಸಾಲು: ಪೀಸ್ ಏರಿಯಾದಲ್ಲಿ ಶುರುವಾಗಿದೆ, ಸರ್ವಿಸ್‌ನ ಒತ್ತಡಕ್ಕೆ ಸಂಬಂಧ ಇಲ್ಲ, ಆದ್ದರಿಂದ ನಾನಾ. ಹೊಟ್ಟೆದಕ್ಕೆ ಕಾರಣಾನೇ ಇಲ್ಲ, ಬರೀ ನಾನಾ. ಯಾಕೆ ಸರ್ ಹೀಗೆ, ಮುಂಚೆನೂ ಇರ್ಲಿಲ್ಲ, ಇವ್ರ ತಪ್ಪೂ ಅಲ್ಲ, ಸರ್ವಿಸ್‌ನಿಂದಾನೂ ಅಲ್ಲ ಅಂದ್ರೆ ಎಲ್ಲಿಂದ ಬಂತು?

ಹೆಡ್‌ಕ್ಲರ್ಕ್_ನಿವೃತ್ತ

ತಾಯಿ, ನೀವೀಗ ಕೇಳಿದ ಪ್ರಶ್ನೇನೇ ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ಕೇಸಲ್ಲಿ ಕೇಳಿದ್ದು. ಅವ್ರಿಗೆ ಫಿಟ್ಸ್ ಇತ್ತು, ಅವ್ರಿಗೂ ಸರ್ವಿಸ್‌ಗೆ ಸಂಬಂಧ ಇಲ್ಲ ಅಂತಲೇ ಬರೆದಿದ್ರು. ಕೋರ್ಟ್ ಏನು ಹೇಳ್ತು ಅಂದ್ರೆ, ಭರ್ತಿ ಟೈಮಲ್ಲಿ ಕಾಯಿಲೆ ಬಗ್ಗೆ ಏನೂ ನೋಟ್ ಮಾಡಿಲ್ಲ ಅಂದ್ರೆ ಆತ ಆರೋಗ್ಯವಾಗಿದ್ದ ಅಂತಲೇ ತಿಳ್ಕೋಬೇಕು, ಆಮೇಲೆ ಕಾಯಿಲೆ ಕಾರಣಕ್ಕೆ ಸರ್ವಿಸ್‌ನಿಂದ ಹೊರಗೆ ಬಂದ್ರೆ ಅದು ಸರ್ವಿಸ್‌ನಿಂದ ಅಂತ ಊಹೆ, ಅಲ್ಲ ಅನ್ನೋದಾದ್ರೆ ಸಾಬೀತು ಮಾಡೋ ಭಾರ ಸರ್ಕಾರದ ಮೇಲೆ, ಮತ್ತೆ ಬೋರ್ಡ್ ಕಾರಣ ಬರೀಲೇಬೇಕು. 2015ರಲ್ಲಿ ರಾಜ್‌ಬೀರ್ ಸಿಂಗ್ ಕೇಸಲ್ಲೂ ಇದನ್ನೇ ಎತ್ತಿ ಹಿಡಿದ್ರು. ಕಾರಣ ಇಲ್ಲದ ನಾನಾ ಅಪೀಲ್‌ನಲ್ಲಿ ನಿಲ್ಲೋದು ಕಷ್ಟ. 2008ರ ನಿಯಮಾವಳಿ ಬಂದ್ಮೇಲೆ ಡಿಪಾರ್ಟ್‌ಮೆಂಟ್‌ನವ್ರು ಈ ಊಹೆ ಈಗಿಲ್ಲ ಅಂತ ವಾದ ಮಾಡ್ತಾರೆ, ನಿಮ್ಮ ಕೇಸಲ್ಲೂ ಮಾಡ್ತಾರೆ, ರೆಡಿ ಇರಿ. ಆದ್ರೆ ಅದೇ ನಿಯಮದಲ್ಲೂ ಸಾಮಾನ್ಯವಾಗಿ ಕ್ಲೇಮ್ ಹಾಕಿದವ್ನನ್ನ ಸಾಬೀತು ಮಾಡು ಅಂತ ಕೇಳೋ ಹಾಗಿಲ್ಲ, 15 ವರ್ಷ ಕಳೆದು ಬಂದ್ರೆ ಮಾತ್ರ ಭಾರ ಅವನ ಮೇಲೆ. ನೀವು ಆ ಗಡುವಿನ ಒಳಗಿದ್ದೀರಿ.

ಪೀಸ್ ಏರಿಯಾ ಅನ್ನೋ ಸಾಲು ನಾನು ಎಷ್ಟು ಫೈಲಲ್ಲಿ ನೋಡಿದ್ದೀನೋ. ಕಾಯಿಲೆ ಬರೆಸ್ಕೊಂಡ ಜಾಗಾನೇ ಕಾಯಿಲೆ ಹುಟ್ಟಿದ ಜಾಗ ಅಂತ ಲೆಕ್ಕ. ಮೇಲಿನ ಪೋಸ್ಟಲ್ಲಿ ತಲೆನೋವು ಅಂತ ಅಡ್ಮಿಟ್ ಮಾಡೋಕೆ ಹೆಲಿಕಾಪ್ಟರ್ ಕಳಿಸ್ತಾರಾ? ಮಾತ್ರೆ ಕೊಟ್ಟು ಸುಮ್ನಾಗಿಸ್ತಾರೆ. ಇಳಿದು ಎರಡು ತಿಂಗಳಿಗೆ ಅಡ್ಮಿಟ್ ಆಗಿದ್ದಾರೆ ಅನ್ನೋದೇ ನಿಮ್ಮ ಕೈಲಿರೋ ದೊಡ್ಡ ದಾಖಲೆ. ಪೋಸ್ಟಿಂಗ್ ತಾರೀಖು, ಅಡ್ಮಿಷನ್ ತಾರೀಖು ಎರಡನ್ನೂ ಪಕ್ಕ ಪಕ್ಕ ಇಟ್ಟು ಅಪೀಲ್‌ನ ಮೊದಲನೇ ಪ್ಯಾರಾದಲ್ಲೇ ಬರೀರಿ.

ಈಗ ಮಾಡಬೇಕಾದ ಕೆಲಸ. ಮೊದಲು ರೆಕಾರ್ಡ್ ಆಫೀಸ್‌ಗೆ ಆರ್‌ಟಿಐ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ಅರ್ಜಿ ನಿಮ್ಮ ಹೆಸರಲ್ಲಿ ಬೇಡ, ಯಜಮಾನ್ರ ಹೆಸರಲ್ಲೇ ಸೈನ್ ಮಾಡಿಸಿ ಹಾಕಿ, ಮೆಡಿಕಲ್ ಪೇಪರ್ ಬೇರೆಯವ್ರಿಗೆ ಕೊಡಲ್ಲ ಅಂತ ವಾಪಸ್ ಕಳಿಸೋ ಸಾಧ್ಯತೆ ಇರುತ್ತೆ, ಹೆಂಡ್ತಿ ಆದ್ರೂ. ಭರ್ತಿ ಟೈಮಿನ ಮೆಡಿಕಲ್, ಎಲ್ಲಾ ಕ್ಯಾಟಗರಿ ಬೋರ್ಡ್‌ಗಳು, ಆಸ್ಪತ್ರೆ ಡಿಸ್ಚಾರ್ಜ್ ಸ್ಲಿಪ್‌ಗಳು, ಪೋಸ್ಟಿಂಗ್ ವಿವರ, ಕ್ಲೇಮ್ ರಿಜೆಕ್ಟ್ ಮಾಡಿದ ಲೆಟರ್, ಇಷ್ಟು ಕೇಳಿ. ಆಮೇಲೆ ಫಸ್ಟ್ ಅಪೀಲ್. ರಿಜೆಕ್ಟ್ ಲೆಟರ್ ಬಂದು 6 ತಿಂಗಳೊಳಗೆ ಹಾಕ್ಬೇಕಿತ್ತು, ತಡ ಆಗಿದ್ದಕ್ಕೆ ಕಾರಣ ಬರೆದು ಮನ್ನಾ ಕೇಳಿ. ಅಲ್ಲೂ ಆಗ್ಲಿಲ್ಲ ಅಂದ್ರೆ ಸೆಕೆಂಡ್ ಅಪೀಲ್, ಅದೂ ಆಗ್ಲಿಲ್ಲ ಅಂದ್ರೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್. ಬೆಂಗಳೂರಲ್ಲಿ ಅದರ ರೀಜನಲ್ ಬೆಂಚ್ ಇಲ್ಲ, ಕರ್ನಾಟಕದವ್ರ ಕೇಸ್ ಕೊಚ್ಚಿ ಬೆಂಚ್‌ಗೆ ಹೋಗುತ್ತೆ. ಇಷ್ಟೊಂದು ಮಾಜಿ ಸೈನಿಕರಿರೋ ರಾಜ್ಯಕ್ಕೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಬೀದರ್‌ನ ಮನುಷ್ಯ ಕೊಚ್ಚಿಗೆ ಯಾವಾಗ ಹೋಗ್ಬೇಕು.

ದುಡ್ಡಿನ ಲೆಕ್ಕನೂ ಹೇಳಿಬಿಡ್ತೀನಿ. 100% ಡಿಸೆಬಿಲಿಟಿಗೆ ಕೊನೆ ಸಂಬಳದ 30%. ಉದಾಹರಣೆಗೆ ಲೆಕ್ಕಕ್ಕೆ ಬರೋ ಸಂಬಳ 40,000 ಇದ್ರೆ 100%ಗೆ 12,000. ನಿಮ್ಮದು 30%, ಅಂದ್ರೆ 3,600. ಆದ್ರೆ ರೌಂಡಿಂಗ್ ಆಫ್ ಅಂತ ಇದೆ, 50ಕ್ಕಿಂತ ಕಮ್ಮಿ ಇದ್ರೆ 50, 50ರಿಂದ 75ರವರೆಗೆ 75, 76ರ ಮೇಲೆ 100. ಮೊದಲು ಇನ್‌ವ್ಯಾಲಿಡ್ ಆಗಿ (ಕಾಯಿಲೆ ಅಂತ ಮಧ್ಯದಲ್ಲೇ ತೆಗೆದು ಕಳಿಸಿ) ಬಂದವ್ರಿಗೆ ಮಾತ್ರ ಕೊಡ್ತಿದ್ರು, 2014 ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪಲ್ಲಿ ಸರ್ವಿಸ್ ಮುಗಿಸಿ ರಿಟೈರ್ ಆದವ್ರಿಗೂ ಕೊಡಿ ಅಂತ ಆಯ್ತು. ಹಾಗಾಗಿ 30% ಇರೋದು 50% ಆಗಿ 6,000, ಅದ್ರ ಮೇಲೆ ತುಟ್ಟಿಭತ್ಯೆ. ಇದಕ್ಕೇ ಬೆಳಗಾವಿ ಸಾಬ್ ಹೇಳಿದ್ದು, ಪರ್ಸೆಂಟ್ ಹಿಂದೆ ಬೀಳ್ಬೇಡಿ ಅಂತ, 20 ಆದ್ರೂ 30 ಆದ್ರೂ 40 ಆದ್ರೂ ಬರೋದು ಅದೇ 50.

ಬಾಕಿ ಹಣ ಮಾತ್ರ 2021ರಿಂದ ಪೂರ್ತಿ ಸಿಗುತ್ತೆ ಅಂತ ಅಂದ್ಕೋಬೇಡಿ. 2008ರ ತರ್ಸೆಮ್ ಸಿಂಗ್ ತೀರ್ಪಿನ ಪ್ರಕಾರ ಪೆನ್ಷನ್ ತಿಂಗಳು ತಿಂಗಳೂ ತಪ್ಪಿ ಹೋಗ್ತಿರೋ ಹಕ್ಕು, ತಡ ಆಯ್ತು ಅಂತ ಕೇಸನ್ನೇ ತಳ್ಳಿಹಾಕಲ್ಲ, ಆದ್ರೆ ಬಾಕಿ ಕೊಡೋದು ಕೇಸ್ ಹಾಕಿದ ದಿನದಿಂದ ಹಿಂದಕ್ಕೆ 3 ವರ್ಷದ್ದು ಅಷ್ಟೇ. ನೀವು ಸುಮ್ನೆ ಕೂತ ಪ್ರತಿ ತಿಂಗಳೂ ಹಿಂದಿನ ಒಂದು ತಿಂಗಳು ಕಳ್ಕೊಳ್ತಾ ಇರ್ತೀರಿ.

24ರಲ್ಲಿ_ರಿಟೈರ್ಡ್

ಸರ್ ನಾನು 2024 ಮಾರ್ಚಲ್ಲಿ ಬಂದೆ, ನನಗೂ ಐಬಿಎಸ್ ಮತ್ತೆ ತಲೆನೋವು. ಈ ರೌಂಡಿಂಗ್ ನನಗೂ ಇದ್ಯಾ?

ಹೆಡ್‌ಕ್ಲರ್ಕ್_ನಿವೃತ್ತ

ನಿಮ್ಮ ದಾರಿ ಬೇರೆ ತಮ್ಮಾ. 2023 ಸೆಪ್ಟೆಂಬರ್ 21ರಿಂದ ಹೊಸ ನಿಯಮಾವಳಿ ಬಂದಿದೆ, ಅಲ್ಲಿಂದ ಈಚೆಗೆ ರಿಟೈರ್ ಆದವ್ರಿಗೆ ಅದೇ. ಹಳಬರಿಗೆ ಅನ್ವಯ ಇಲ್ಲ ಅಂತ ಸರ್ಕಾರನೇ ಹೇಳಿದೆ, ಹಾಗಾಗಿ ಅರಕಲಗೂಡಿನವ್ರು ಹೆದರ್ಬೇಕಾಗಿಲ್ಲ. ಹೊಸದ್ರಲ್ಲಿ ಪೂರ್ತಿ ಸರ್ವಿಸ್ ಮುಗಿಸಿ ಬಂದವ್ರಿಗೆ ಇಂಪೇರ್‌ಮೆಂಟ್ ರಿಲೀಫ್ ಅಂತ ಹೆಸರು, ಅದಕ್ಕೆ ಈ ರೌಂಡಿಂಗ್ ಇಲ್ಲ. ನಿಮಗೆ ಪರ್ಸೆಂಟ್ ಎಷ್ಟು ಅನ್ನೋದೇ ಮುಖ್ಯ ಆಗುತ್ತೆ, 20ರ ಕೆಳಗೆ ಬಿದ್ರೆ ಏನೂ ಇಲ್ಲ. ಬೋರ್ಡ್ ಪೇಪರ್ ಕಾಪಿ ತಗೊಂಡು ಇದೇ ಕೆಲಸ ಮಾಡೋ ವಕೀಲರಿಗೆ ತೋರಿಸಿ, ನನ್ನ ಮಾತನ್ನ ಕೊನೇ ಮಾತು ಅಂತ ತಗೋಬೇಡಿ.

ಟೆಕ್ಸಸ್_ಅಪ್ಪ

ನಾವು ಮೂಲ ಶಿವಮೊಗ್ಗದವರು, ಅಮೆರಿಕದಲ್ಲಿ ಇದ್ದೀವಿ. ಮಗ ಇಲ್ಲಿನ ಆರ್ಮಿಯಲ್ಲಿದ್ದು ಕುವೈತ್‌ಗೆ ಹೋಗಿ ಬಂದ, ಅವನಿಗೂ ಇದೇ ಎರಡು ತೊಂದ್ರೆ, ಮೈಗ್ರೇನ್ ಮತ್ತೆ ಐಬಿಎಸ್. ಇಲ್ಲಿಯ ಪದ್ಧತಿ ಹೇಳಿದ್ರೆ ಯಾರಿಗಾದ್ರೂ ಉಪಯೋಗ ಆಗಬಹುದು.

ಇಲ್ಲಿ ವೆಟರನ್ಸ್ ಅಫೇರ್ಸ್ ಇಲಾಖೆಯವರು ಮೈಗ್ರೇನ್‌ಗೆ ಸ್ಕ್ಯಾನ್ ನೋಡಲ್ಲ, ಎಷ್ಟು ಸಲ ಬಂದು ಮನುಷ್ಯನನ್ನ ಹಾಸಿಗೆಗೆ ಕೆಡವುತ್ತೆ ಅಂತ ನೋಡ್ತಾರೆ. ಸರಾಸರಿ ಎರಡು ತಿಂಗಳಿಗೊಮ್ಮೆ ಅಂದ್ರೆ 10%, ತಿಂಗಳಿಗೊಮ್ಮೆ ಅಂದ್ರೆ 30%, ಪದೇ ಪದೇ ಬಂದು ದುಡಿಯೋಕೇ ಆಗದಷ್ಟು ಆದ್ರೆ 50%, ಅದಕ್ಕಿಂತ ಮೇಲೆ ಇಲ್ಲ. ಐಬಿಎಸ್‌ಗೆ 2024 ಮೇ 19ರಿಂದ ಹೊಸ ಪಟ್ಟಿ ಬಂದಿದೆ, ಕಳೆದ 3 ತಿಂಗಳಲ್ಲಿ ವಾರಕ್ಕೆ ಒಂದು ದಿನವಾದ್ರೂ ಹೊಟ್ಟೆನೋವು ಮತ್ತೆ ಅದರ ಜೊತೆಗಿನ ಲಕ್ಷಣ ಇದ್ರೆ 30%, ತಿಂಗಳಿಗೆ 3 ದಿನ ಇದ್ರೆ 20%, ಒಂದು ಸಲವಾದ್ರೂ ಇದ್ರೆ 10%. ಪರ್ಸೆಂಟ್‌ಗಳನ್ನ ನೇರ ಕೂಡಲ್ಲ, 50 ಮತ್ತೆ 30 ಇದ್ರೆ 65 ಆಗಿ ಅದನ್ನ 70 ಮಾಡ್ತಾರೆ. ನನಗೆ ಹಿಡಿಸಿದ್ದು ಏನಂದ್ರೆ, ಕೊಲ್ಲಿ ಪ್ರದೇಶದಲ್ಲಿ ಡ್ಯೂಟಿ ಮಾಡಿದವರಿಗೆ ಐಬಿಎಸ್ ಥರದ ಹೊಟ್ಟೆ ಕಾಯಿಲೆ ಬಂದ್ರೆ ಅದು ಸರ್ವಿಸ್‌ನಿಂದ ಅಂತಲೇ ಕಾನೂನು ಒಪ್ಪಿಕೊಳ್ಳುತ್ತೆ, ಯಾಕೆ ಕೆಟ್ಟಿತು ಅಂತ ಮಗ ಪ್ರೂವ್ ಮಾಡ್ಬೇಕಾಗಿರ್ಲಿಲ್ಲ. ತಲೆನೋವಿಗೆ ಮಾತ್ರ ಇಲ್ಲೂ ಅದೇ ಗೋಳು, ಸರ್ವಿಸ್‌ನಲ್ಲಿದ್ದಾಗ ತೋರಿಸಿದ ಕಾಗದ ಹುಡುಕಿ ಹುಡುಕಿ ಸಾಕಾಯ್ತು. ಅವನು ಡೈರಿ ಬರೆದಿಟ್ಟಿದ್ದ, ತಾರೀಖು, ಎಷ್ಟು ಹೊತ್ತು, ಯಾವ ಮಾತ್ರೆ, ಆ ದಿನ ಏನು ಕೆಲಸ ತಪ್ಪಿತು ಅಂತ. ಅದು ತುಂಬಾ ನಡೀತು.

ಡಾಕ್ಟ್ರು_ಪುತ್ತೂರು

ಡೈರಿ ವಿಷಯ ನಾನೂ ಹೇಳಬೇಕು ಅಂತಿದ್ದೆ. ಅಕ್ಕ, ಇವತ್ತೇ ಶುರು ಮಾಡಿ, ಗೋಡೆ ಕ್ಯಾಲೆಂಡರ್ ಆದ್ರೂ ಸಾಕು. "ತುಂಬಾ ತಲೆನೋವು" ಅಂತ ಬರೀಬೇಡಿ, "ಬೆಳಗ್ಗೆ 6ಕ್ಕೆ ಶುರು, ಎರಡು ಸಲ ವಾಂತಿ, ಮರುದಿನ ಮಧ್ಯಾಹ್ನದವರೆಗೆ ಎದ್ದಿಲ್ಲ" ಅಂತ ಬರೀರಿ. ಇಸಿಎಚ್‌ಎಸ್‌ಗೆ (ಮಾಜಿ ಸೈನಿಕರ ದವಾಖಾನೆ) ಹೋದಾಗ ಅದನ್ನ ತೋರಿಸಿ, ಡಾಕ್ಟರು ಚೀಟಿಯಲ್ಲಿ ತಿಂಗಳಿಗೆ ಎಷ್ಟು ಅಟ್ಯಾಕ್ ಅಂತ ನಮೂದಿಸುವ ಹಾಗೆ ಕೇಳ್ಕೊಳ್ಳಿ. ಮತ್ತೆ ಪೆನ್ಷನ್ ಒಂದು ಕಡೆ ಇರಲಿ, ಅಟ್ಯಾಕ್ ಬರದ ಹಾಗೆ ದಿನಾ ತಗೊಳ್ಳುವ ಮದ್ದುಗಳುಂಟು, ಬರೀ ಪೇನ್‌ಕಿಲ್ಲರ್‌ನಲ್ಲಿ ದಿನ ದೂಡ್ತಿದ್ರೆ ನ್ಯೂರಾಲಜಿಸ್ಟ್‌ಗೆ ಒಮ್ಮೆ ತೋರಿಸಲೇಬೇಕು. ಹೊಟ್ಟೆಗೆ ಎಚ್ ಪೈಲೋರಿ (ಜಠರದ ಒಂದು ಬ್ಯಾಕ್ಟೀರಿಯಾ) ಪರೀಕ್ಷೆ ಆಗಿದ್ಯಾ ಕೇಳಿ. ಮಲದಲ್ಲಿ ರಕ್ತ, ತೂಕ ಇಳಿಯುವುದು ಇದ್ರೆ ಕಾಯಬೇಡಿ.

ಲೇಹ್_ಜವಾನನ_ಅಕ್ಕ_ಬಾಗಲಕೋಟಿ

ನನ್ನ ತಮ್ಮ ಈಗ ಲೇಹ್‌ದಾಗ ಅದಾನ್ರಿ, ಪೋನ್ ಮಾಡಿದಾಗೊಮ್ಮೆ ತಲಿ ಸಿಡಿತೈತಿ ಅಂತಾನ, ತೋರ್ಸು ಅಂದ್ರ ಬ್ಯಾಡ, ಕ್ಯಾಟಗರಿ ಡೌನ್ ಆದ್ರ ಪ್ರಮೋಷನ್ ಹೋಗತೈತಿ ಅಂತಾನ. ನಾ ಏನ್ ಹೇಳ್ಲಿ ಅವಂಗ?

ಮರಾಠಾ_ಪಲ್ಟನ್_ಬೆಳಗಾವಿ

ತಂಗಿ, ಅವಾ ಹೇಳೂದರಾಗ ಸುಳ್ಳಿಲ್ಲ, ಲೋ ಮೆಡಿಕಲ್ ಆದ್ರ ಪ್ರಮೋಷನ್, ಕೋರ್ಸ್ ಎಲ್ಲಾದಕ್ಕೂ ತೊಡಕ ಆಗತೈತಿ. ಅದಕ್ಕ ಜವಾನರು ಮುಚ್ಚಿಡತಾರ, ಮುಚ್ಚಿಟ್ಟಿದ್ದಕ್ಕ ಆಮ್ಯಾಲ ಕಾಗದ ಇರೂದಿಲ್ಲ, ಕಾಗದ ಇಲ್ಲ ಅಂತ ನಾನಾ ಬರೀತಾರ. ಎರಡೂ ಕಡೆ ಅವನ ಸಿಕ್ಕೊಂತಾನ. ನಾ ಹೇಳೂದು ಇಷ್ಟ, ಎತ್ತರದಾಗ ತಲಿ ಸಿಡಿಯೂದು ಜೀವದ ಪ್ರಶ್ನಿ, ಮಿದುಳಿಗೆ ನೀರು ತುಂಬಿ ಸತ್ತಾರ ಮಂದಿ. ಪ್ರಮೋಷನ್ ಆಮ್ಯಾಲ. ಎಂಐ ರೂಮಿಗೆ ಹೋಗಿ ರಿಪೋರ್ಟ್ ಮಾಡ್ಲಿ, ರಿಜಿಸ್ಟರಿನ್ಯಾಗ ಎಂಟ್ರಿ ಆತೋ ಇಲ್ಲೋ ನೋಡಿ ಬರ್ಲಿ. ಇವತ್ತ ರಾತ್ರಿನ ಪೋನ್ ಹಚ್ಚಿ ಹೇಳು.

ನೇರಮಾತು_ಮಂಡ್ಯ

ತಾಯಿ ಅರಕಲಗೂಡಿನವ್ರೇ, ನಿಮ್ಮ ಪೇಪರ್‌ನಲ್ಲಿ ಬರ್ದಿರೋದು ಓದ್ದೆ. ನಿಮ್ದು ನಿಜವಾದ ಕೇಸು, ಅಪೀಲ್ ಹಾಕಿ. ಕಡೇ ವರ್ಷದ ಕಾಯಿಲೆಯವ್ರ ಬಗ್ಗೆ ನಾನ್ ಹೇಳಿದ್ದು ಹಂಗೇ ಅದೆ, ಅದ್ರಲ್ಲಿ ಬದಲಾವಣೆ ಇಲ್ಲ. ಆದ್ರೆ ಅವ್ರ ದೆಸೆಯಿಂದ ನಿಮ್ಮಂಥವ್ರಿಗೆ ಒಂದೇ ಸಾಲಲ್ಲಿ ಇಲ್ಲ ಅಂತ ಬರೆಯೋದು ತೆಪ್ಪು. ಹಾಸನದಲ್ಲಿ ಸೈನಿಕ ಕಲ್ಯಾಣ ಇಲಾಖೆ ಆಫೀಸದೆ, ಅಪೀಲ್ ಬರ್ಕೊಡೋಕೆ ಸಹಾಯ ಕೇಳಿ.

ಫೌಜಿ_ಮನೆಯವ್ಳು_ಅರಕಲಗೂಡು

ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವ್ರಿಗೆ ಎಲ್ಲಾ ಓದಿ ಹೇಳ್ದೆ. ಆರ್‌ಟಿಐ ಅರ್ಜಿ ಬರೆದು ಸೈನ್ ಮಾಡಿಸಿದ್ದೀನಿ, ಸೋಮವಾರ ಪೋಸ್ಟ್ ಮಾಡ್ತೀವಿ. ಸರ್ ಒಂದು ಡೌಟು, ಅಪೀಲ್‌ನಲ್ಲಿ ಮೈಗ್ರೇನ್ ಒಂದೇ ಬರೀಬೇಕಾ ಹೊಟ್ಟೆದೂ ಬರೀಬೇಕಾ?

ಹೆಡ್‌ಕ್ಲರ್ಕ್_ನಿವೃತ್ತ

ಎರಡೂ ಬರೀರಿ ತಾಯಿ, ಆದ್ರೆ ಬೇರೆ ಬೇರೆ ಪ್ಯಾರಾ. ಹೊಟ್ಟೆದಕ್ಕೆ ಎರಡು ವಾದ: ಬೋರ್ಡ್ ಕಾರಣವೇ ಕೊಟ್ಟಿಲ್ಲ ಅನ್ನೋದು, ಮತ್ತೆ ತಲೆನೋವಿಗೆ ಸರ್ವಿಸ್‌ನಲ್ಲಿ ಕೊಟ್ಟ ಪೇನ್‌ಕಿಲ್ಲರ್‌ನಿಂದ ಬಂತು ಅನ್ನೋದು. ಎರಡನೇದಕ್ಕೆ ಆ ಮಾತ್ರೆ ಬರೆದ ಚೀಟಿ ಬೇಕು, ಡಾಕ್ಟ್ರಿಂದ ಒಂದು ಅಭಿಪ್ರಾಯದ ಲೆಟರ್ ಸಿಕ್ರೆ ಇನ್ನೂ ಒಳ್ಳೇದು. ಮೈಗ್ರೇನ್ ಒಂದೇ ಒಪ್ಪಿದ್ರೂ 20% ಇದೆ, ರೌಂಡಿಂಗ್ ಆಗುತ್ತೆ, ಅದಕ್ಕೇ ಅದನ್ನ ಮೊದಲು ಗಟ್ಟಿ ಮಾಡಿ.

ಸೋಮವಾರಪೇಟೆ_ಹುಡ್ಗ

ಸರ್ ನಮ್ಮ ಅಪ್ಪಂದು ಹಳೇ ಕೇಸು. 1982ರಲ್ಲಿ ಸೇರಿ 1989ರಲ್ಲಿ ಡ್ಯುಯೊಡಿನಲ್ ಅಲ್ಸರ್ ಅಂತ ಬೋರ್ಡ್ ಔಟ್ ಮಾಡಿ ಕಳಿಸಿದ್ರು, 20%ಗಿಂತ ಕಮ್ಮಿ, ಸರ್ವಿಸ್‌ಗೆ ಸಂಬಂಧ ಇಲ್ಲ ಅಂತ ಬರೆದು. ಅವತ್ತಿಂದ ಒಂದು ಪೈಸೆ ಪೆನ್ಷನ್ ಇಲ್ಲ, ತೋಟದ ಕೆಲಸ ಮಾಡಿನೇ ನಮ್ಮನ್ನ ಓದ್ಸಿದ್ರು. ಇನ್ನೂ ಬದುಕಿದ್ದಾರೆ. ಇಷ್ಟು ವರ್ಷ ಆದ್ಮೇಲೆ ಏನಾದ್ರೂ ಆಗುತ್ತಾ?

ಹೆಡ್‌ಕ್ಲರ್ಕ್_ನಿವೃತ್ತ

ಆಗೋ ಸಾಧ್ಯತೆ ಇದೆ ಮಗನೇ, ಬೇಗ ಹೊರಡು. 1982ರ ನಿಯಮಾವಳಿ ಜೊತೆ ಒಂದು ಕಾಯಿಲೆಗಳ ಪಟ್ಟಿ ಇದೆ, ಸರ್ವಿಸ್‌ನ ಊಟದ ಕಟ್ಟುಪಾಡಿನಿಂದ ಬರೋ ಕಾಯಿಲೆ ಅಂತ ಒಂದು ಗುಂಪು, ಅದ್ರಲ್ಲಿ ಗ್ಯಾಸ್ಟ್ರೈಟಿಸ್, ಗ್ಯಾಸ್ಟ್ರಿಕ್ ಅಲ್ಸರ್, ಡ್ಯುಯೊಡಿನಲ್ ಅಲ್ಸರ್ ಹೆಸರು ಹಿಡಿದು ಬರೆದಿದ್ದಾರೆ, ಡಬ್ಬಿ ಊಟದ ಫುಡ್ ಪಾಯ್ಸನಿಂಗ್ ಕೂಡ. ಅಪ್ಪನ ಕಾಯಿಲೆ ಸರ್ಕಾರದ ಪಟ್ಟೀಲೇ ಇದ್ದಾಗ ಸಂಬಂಧ ಇಲ್ಲ ಅಂತ ಹೇಗೆ ಬರೆದ್ರು ಅಂತ ಕೇಳ್ಬೇಕು. ಇನ್ನು ಪರ್ಸೆಂಟ್, 2014ರಲ್ಲಿ ಸುಖ್‌ವಿಂದರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್, ಕಾಯಿಲೆ ಅಂತ ಸರ್ವಿಸ್‌ನಿಂದಲೇ ತೆಗೆದು ಕಳಿಸಿದ್ದೀರಿ ಅಂದ್ರೆ ಅದು 20%ಗಿಂತ ಮೇಲೆ ಇತ್ತು ಅಂತಲೇ ತಿಳ್ಕೋಬೇಕು ಅಂದಿದೆ. ಬಾಕಿ 3 ವರ್ಷದ್ದೇ ಸಿಗೋದು, ಮುಂದಕ್ಕೆ ಜೀವ ಇರೋವರೆಗೂ.

ಕಷ್ಟ ಇರೋದು ಕಾಗದದಲ್ಲಿ. ಪೆನ್ಷನ್ ಇಲ್ಲದವ್ರ ಫೈಲನ್ನ 25 ವರ್ಷ ಆದ್ಮೇಲೆ ನಾಶ ಮಾಡ್ತಾರೆ, ಆದ್ರೆ ಲಾಂಗ್ ರೋಲ್‌ನಲ್ಲಿ (ರೆಕಾರ್ಡ್ ಆಫೀಸ್‌ನ ಹೆಸರಿನ ರಿಜಿಸ್ಟರ್) ಹೆಸರು ಇರುತ್ತೆ, ಅದನ್ನ ಆರ್‌ಟಿಐನಲ್ಲಿ ಕೇಳಿ. ಮನೇಲಿ ಅಪ್ಪನ ಡಿಸ್ಚಾರ್ಜ್ ಬುಕ್ ಇರ್ಬೇಕು. ಅದ್ರಲ್ಲಿ ಯಾವ ಕಾರಣಕ್ಕೆ ಬಿಡುಗಡೆ ಅಂತ ಬರೆದಿರ್ತಾರೆ, ಆರ್ಮಿ ರೂಲ್ 13(3) ಅಂತ ಇದ್ದು ಮುಂದಿನ ಸರ್ವಿಸ್‌ಗೆ ಮೆಡಿಕಲಿ ಅನ್‌ಫಿಟ್ ಅಂತ ಇದ್ರೆ ನಿಮ್ಮ ಕೇಸಿನ ಬುಡ ಅದೇ. ಆ ಪುಟ ಹರಿಯೋಕೆ ಮುಂಚೆ ನೋಟರಿ ಹತ್ರ ಹೋಗಿ ನಾಲ್ಕೈದು ಅಟೆಸ್ಟೆಡ್ ಕಾಪಿ ಮಾಡಿಸ್ಕೊಳ್ಳಿ, ಆಮೇಲೆ ಅಪ್ಪನ್ನ ಕರ್ಕೊಂಡು ಮಡಿಕೇರಿ ಸೈನಿಕ ಕಲ್ಯಾಣ ಆಫೀಸ್‌ಗೆ ಹೋಗಿ. ಒರಿಜಿನಲ್ ಯಾರ ಕೈಗೂ ಕೊಡ್ಬೇಡಿ.